ಅಪ್ಪನ ಡೈರಿಯಲ್ಲಿ ಬರುವ ‘ಇಟ್’

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸೆಕ್ರೆಟರಿಯವರು ಇಂಗ್ಲಿಷಿನಲ್ಲಿ ಒಂದು ಸೂಚನೆ ಅಂಟಿಸಿದ್ದಾರೆ. ಮಗು ಬಾಗಿಲಿಗೆ ಕೈ ಹಾಕಿದರೆ ‘ಇಟ್’ ಅನ್ನು ಕೂಡಲೇ ಬಂದ್ ಮಾಡಿ ಎಂದು ಅದರ ತಾತ್ಪರ್ಯ. ಬಂದ್ ಮಾಡಬೇಕಾದದ್ದು ಬಾಗಿಲನ್ನೋ, ಲಿಫ್ಟನ್ನೋ, ಮಗುವನ್ನೋ? ಉಳಿದವರೆಲ್ಲ ಅದನ್ನು ಓದಿಯೂ ನೆಮ್ಮದಿಯಿಂದ ಮೇಲೆ ಕೆಳಗೆ ಓಡಾಡುತ್ತಾರೆ. ನಾನು ಮಾತ್ರ ಅದನ್ನೇ ಯೋಚಿಸುತ್ತ ನಿಂತು, ಮೂರನೇ ಮಹಡಿಯಲ್ಲಿ ಇಳಿಯುವುದನ್ನು ಮರೆತು ಐದನೆಯದಕ್ಕೆ ಹೋಗಿ ಯಾರದೋ ಮನೆಯ ಬೆಲ್ ಒತ್ತಿ ಬಂದಿದ್ದೇನೆ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದರ ಫಲ ಇದು. ಪರೀಕ್ಷೆಯಲ್ಲಿ ಒಂದು ಗದ್ಯ ಕೊಟ್ಟು, ಐದನೇ ಸಾಲಿನ ‘ಇಟ್’ ಯಾರನ್ನು ಅಥವಾ ಯಾವುದನ್ನು ಸೂಚಿಸುತ್ತದೆ ಎಂದು ಕೇಳುವ ಪ್ರಶ್ನೆ ಇದೆಯಲ್ಲ, ಅದು ನನಗೆ ಪ್ರಾಣ. ಹುಡುಗರು ನನಗೆ ‘ಇಟ್ ಟೀಚರ್’ ಎಂದೇ ಹೆಸರಿಟ್ಟಿದ್ದರು. ನನ್ನ ಉಪಾಯ ಸರಳ. ‘ಇಟ್’ ಎಂಬುದು ಖಾಲಿ ಕುರ್ಚಿ. ಹಿಂದಿನ ಸಾಲುಗಳಲ್ಲಿ ಇರುವವರನ್ನೆಲ್ಲ ಒಬ್ಬೊಬ್ಬರಾಗಿ ಅದರಲ್ಲಿ ಕೂರಿಸಿ ನೋಡಬೇಕು. ಯಾರು ಕೂತಾಗ ವಾಕ್ಯ ತಕರಾರು ಮಾಡುವುದಿಲ್ಲವೋ ಅವರದೇ ಕುರ್ಚಿ. ಶಿರಗುಪ್ಪಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಒಮ್ಮೆ ಎದ್ದು ನಿಂತು, “ಟೀಚರ್, ಇಟ್ ಈಸ್ ರೇನಿಂಗ್, ಮಳಿ ಬರ್ತೈತಿ ಅನ್ನೂ ವಾಕ್ಯದಾಗ ಇಟ್ ಯಾರ‍್ರೀ?” ಎಂದು ಕೇಳಿದಳು. “ಅಲ್ಲೆ ಯಾರೂ ಇಲ್ಲವಾ, ಕುಂಡ್ರು,” ಎಂದೆ. “ಯಾರೂ ಇಲ್ಲ ಅಂದ್ರ ಬರದದ್ದು ಯಾಕ್ರೀ?” ಎಂದಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕು ಪಾಠ ಮುಂದುವರಿಸಿದೆ. ಈ ಬೇಸಿಗೆ ಬರುವವರೆಗೂ ಆ ಪ್ರಶ್ನೆಯನ್ನು ಮರೆತೇಬಿಟ್ಟಿದ್ದೆ.

ಈ ಬೇಸಿಗೆಯಲ್ಲಿ ವಿದ್ಯಾನಗರದ ನಮ್ಮ ಮನೆಯ ಅಟ್ಟದ ಗೋಡೆಗೆ ಮೇಲಿನ ಮನೆಯವರ ನೀರು ಸೋರಿತು. ಅಟ್ಟದಲ್ಲಿದ್ದುದನ್ನೆಲ್ಲ ಇಳಿಸಬೇಕಾಯಿತು. ಹಾಗೆ ಇಳಿದದ್ದು ಅಪ್ಪನ ಕಬ್ಬಿಣದ ಟ್ರಂಕು. ಅದರ ತುಂಬ ಡೈರಿಗಳು, ವರ್ಷಕ್ಕೊಂದರಂತೆ. ಅಪ್ಪ ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಾತು ಅಚ್ಚ ಧಾರವಾಡದ್ದು, ಆದರೆ ಪೆನ್ನು ಹಿಡಿದರೆ ಇಳಿಯುತ್ತಿದ್ದುದು ಇಂಗ್ಲಿಷು. ಅವರ ಕಾಲದ ಕಚೇರಿ ಮಂದಿಯೇ ಹಾಗೆ. ಸಂತೆಯ ಚೀಟಿಯನ್ನೂ ಇಂಗ್ಲಿಷಿನಲ್ಲಿ ಬರೆದು ಅವ್ವನ ಕೈಗೆ ಕೊಡುತ್ತಿದ್ದರು. ಇಂಗ್ಲಿಷಿನ ಒಂದಕ್ಷರವೂ ಬಾರದ ಅವ್ವ ಅದನ್ನು ಭಕ್ತಿಯಿಂದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ತನಗೆ ಬೇಕಾದ ಬದನೆಕಾಯಿಯನ್ನೇ ತರುತ್ತಿದ್ದಳು.

ಡೈರಿಗಳನ್ನು ನಾನು ಯಾಕೆ ಬಿಚ್ಚಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಹುಡುಕಲು. ನನ್ನ ಹೆಸರು ಕುಸುಮಾ. ಅಪ್ಪ ಒಂದು ಸಲವೂ ಆ ಹೆಸರು ಹಿಡಿದು ನನ್ನನ್ನು ಕರೆದದ್ದಿಲ್ಲ. ‘ಏ’ ಅನ್ನುತ್ತಿದ್ದರು, ‘ಇಲ್ಲೆ ಬಾ ಇಲ್ಲೆ’ ಅನ್ನುತ್ತಿದ್ದರು, ಬಂದವರ ಮುಂದೆ ‘ನಮ್ಮ ಹುಡುಗಿ’ ಅನ್ನುತ್ತಿದ್ದರು. ಆರೇಳು ವರ್ಷದವಳಿದ್ದಾಗ ಹಟಕ್ಕೆ ಬಿದ್ದು ಒಂದು ಮಧ್ಯಾಹ್ನ ಅಕ್ಕಿಯ ಡಬ್ಬಿಯ ಹಿಂದೆ ಅಡಗಿ ಕೂತೆ. ಈಗಾದರೂ ಹೆಸರು ಹಿಡಿದು ಕರೆಯಲೇಬೇಕಲ್ಲ ಎಂದು ನನ್ನ ಲೆಕ್ಕಾಚಾರ. ಅಪ್ಪ ಕೆಮ್ಮುತ್ತ, ಗಂಟಲು ಸರಿಮಾಡಿಕೊಳ್ಳುತ್ತ ಮನೆಯೆಲ್ಲ ಸುತ್ತಿದರು, ಹಿತ್ತಲಿಗೆ ಹೋಗಿ ಬಂದರು, ಆದರೆ ಬಾಯಿಬಿಟ್ಟು ಕರೆಯಲಿಲ್ಲ. ಕೊನೆಗೆ ಸಿಕ್ಕಾಗ ಬೈಯಲೂ ಇಲ್ಲ. ರಟ್ಟೆ ಹಿಡಿದು ಹೊರಗೆಳೆದು, ನನ್ನನ್ನು ಅಲ್ಲೇ ಬಿಟ್ಟು ಹೋಗಿ ಹಿತ್ತಲ ಬಾಗಿಲು ಹಾಕಿದರು. ಆ ವಯಸ್ಸಿನಲ್ಲಿ ನನಗೆ ಅರ್ಥವಾದದ್ದು ಒಂದೇ, ಅಪ್ಪನಿಗೆ ನಾನೆಂದರೆ ಅಷ್ಟಕ್ಕಷ್ಟೆ ಎಂದು. ಆ ನೋವು ನನ್ನ ಜೊತೆಗೇ ಬೆಳೆದು ನನ್ನ ಜೊತೆಗೇ ನಿವೃತ್ತಿಯಾಯಿತು.

ಆರು ವರ್ಷದ ಹಿಂದೆ ಅಪ್ಪ ಇದೇ ಮನೆಯಲ್ಲಿ ತೀರಿಕೊಂಡಾಗ ಹತ್ತಿರ ಯಾರೂ ಇರಲಿಲ್ಲ. ಮಧ್ಯಾಹ್ನ ಮೂರರ ಸುಮಾರು. ಅವ್ವ ಅಡಿಗೆಮನೆಯಲ್ಲಿ ಗಂಜಿ ಕಾಸುತ್ತಿದ್ದಳು. ನಾನು ಧಾರವಾಡದಲ್ಲಿ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೊಬೈಲುಗಳನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡಿದ್ದರು. ನಾನು ಮನೆಗೆ ಬಂದಾಗ ಐದೂವರೆ. “ಒಲಿ ಮುಂದ ನಿಂತು ಅವರನ್ನ ಒಬ್ಬರನ್ನಽ ಕಳಿಸಿಬಿಟ್ಟೆ,” ಎಂದು ಅವ್ವ ಇವತ್ತಿಗೂ ಅನ್ನುತ್ತಾಳೆ.

ಮೊದಲು ತೆಗೆದದ್ದು ನಾನು ಹುಟ್ಟಿದ ವರ್ಷದ ಡೈರಿ. ಹುಟ್ಟಿದ ದಿನದ ಪುಟ ಖಾಲಿ ಇತ್ತು. ಹಿಂದಿನ ದಿನ ‘ಮಳೆ’ ಎಂದಿದೆ, ಮರುದಿನ ‘ಕಚೇರಿಗೆ ರಜೆ’ ಎಂದಿದೆ. ನಡುವೆ ನಾನಿಲ್ಲ. ಸಿಟ್ಟು ನೆತ್ತಿಗೇರಿತು. ಹಾಗೆ ಸಿಟ್ಟಿನಲ್ಲೇ ಪುಟ ತಿರುವುತ್ತಿದ್ದಾಗ ‘ಇಟ್’ ಕಣ್ಣಿಗೆ ಬಿತ್ತು. ಅಪ್ಪನ ಸಾಲುಗಳನ್ನು ಕನ್ನಡದಲ್ಲೇ ಕೊಡುತ್ತೇನೆ, ಆ ಒಂದು ಪದವನ್ನು ಮಾತ್ರ ಅವರು ಇಟ್ಟಂತೆ ಬಿಡುತ್ತೇನೆ. ‘ಅಮ್ಮ’ ಎಂದರೆ ಅಪ್ಪನ ತಾಯಿ, ನಮ್ಮ ಆಯಿ; ‘ಇವಳು’ ಎಂದರೆ ಅವ್ವ.

‘ಇಟ್ ಮನೆಯೊಳಗೆ ಬಂದಿದೆ. ಯಾರಿಗೂ ಹೇಳಬಾರದೆಂದು ಅಮ್ಮನ ಅಪ್ಪಣೆ.’ ಎರಡು ದಿನ ಬಿಟ್ಟು, ‘ಇಟ್ ಬೆಳಗಿನ ಜಾವ ಅತ್ತಿತು. ಪಕ್ಕದವರು ಕೇಳಿದರು. ಏನೂ ಇಲ್ಲ ಅಂದೆ.’ ಒಂದು ವಾರದ ಮೇಲೆ, ‘ಇಟ್ ಇಂದು ನನ್ನನ್ನೇ ದಿಟ್ಟಿಸಿ ನೋಡಿತು. ನಾನು ಬೇರೆ ಕಡೆ ನೋಡಿದೆ.’

ಓದುತ್ತಿದ್ದುದು ಹಾಡಹಗಲಿನಲ್ಲಿ. ಕೆಳಗೆ ರಸ್ತೆಯಲ್ಲಿ ಕಾಯಿಪಲ್ಯದ ಗಾಡಿಯವನು ಕೂಗುತ್ತಿದ್ದ. ಆದರೂ ಮೈ ಜುಮ್ಮೆಂದಿತು. ನಮ್ಮವರು ಸೋಫಾದಲ್ಲಿ ಕಾಲು ಚಾಚಿಕೊಂಡು ಪೇಪರ್ ಓದುತ್ತಿದ್ದರು. ಓದಿ ಹೇಳಿದೆ.

“ಬೆಕ್ಕ ಇರಬೇಕ ತಗೋ,” ಅಂದರು.

“ಬೆಕ್ಕ ಬಂದ್ರ ಪಕ್ಕದವರಿಗೆ ಯಾಕ ಮುಚ್ಚಿಡತಾರ‍್ರೀ?”

“ಹಂಗಾರ ಮೂಲವ್ಯಾಧಿ. ಆ ಕಾಲದ ಮಂದಿ ಅದರ ಹೆಸರ ಬರೀತಿರಲಿಲ್ಲ.”

“ಮೂಲವ್ಯಾಧಿ ಕಣ್ಣ ಬಿಟ್ಟ ನೋಡತದೇನ್ರೀ?”

“ಬಂದವರಿಗಷ್ಟಽ ಗೊತ್ತು,” ಎಂದು ಪುಟ ತಿರುವಿದರು. ನಾನು ಬೆಕ್ಕನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದೆ, ಗೂಬೆಯನ್ನು ಕೂರಿಸಿ ನೋಡಿದೆ. ಯಾವುದೂ ಕೂರಲಿಲ್ಲ. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ದೆವ್ವವನ್ನು ಕೂರಿಸಿದೆ. ಅದು ತನ್ನದೇ ಮನೆ ಎಂಬಂತೆ ಕೂತಿತು. ‘ಇಟ್ ಹೋದರೆ ಇವಳು ಉಳಿಯುವುದಿಲ್ಲ’ ಎಂಬ ಸಾಲು ಬಂದಾಗಲಂತೂ, ಅವ್ವನನ್ನು ಏನೋ ಹಿಡಿದಿತ್ತು, ಅದನ್ನೇ ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದಾರೆ ಎಂದು ಖಾತ್ರಿ ಮಾಡಿಕೊಂಡೆ. ಎರಡು ದಿನ ಅವ್ವನ ಬೆನ್ನ ಹಿಂದೆ ನಿಂತು ಅವಳನ್ನು ಅನುಮಾನದಿಂದ ನೋಡಿದೆ. ಅವಳು ಎಂದಿನಂತೆ ವಿಭೂತಿ ಹಚ್ಚಿಕೊಂಡಳು, ಎಂದಿನಂತೆ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ತಕರಾರು ತೆಗೆದಳು.

ಮೂರನೇ ದಿನ ಈ ಸಾಲು ಸಿಕ್ಕಿತು: ‘ಇಟ್‌ಗೆ ಕಾಡಿಗೆ. ಕೆನ್ನೆಗೆ ದೊಡ್ಡ ಬೊಟ್ಟು. ಈಗ ಕುರೂಪವಾಗಿ ಕಾಣುತ್ತದೆ. ಒಳ್ಳೆಯದು.’ ದೆವ್ವಕ್ಕೆ ಯಾರೂ ಕಾಡಿಗೆ ಹಚ್ಚುವುದಿಲ್ಲ. ಹಿಂದಿನ ಪುಟಗಳಿಗೆ ಹೋಗಿ ಮತ್ತೆ ಓದಿದೆ. ಅಳುವುದು, ದಿಟ್ಟಿಸುವುದು, ಹಾಲು ಕಕ್ಕುವುದು. ಎಂಥ ದಡ್ಡಿ ನಾನು! ಖಾಲಿ ಪುಟದ ಸಿಟ್ಟಿನಲ್ಲಿ, ಆ ಡೈರಿಯಲ್ಲಿ ನಾನಿಲ್ಲ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಎರಡು ದಿನ ನಾನು ಹೆದರಿದ್ದು ನನಗೇ.

ಅವ್ವ ಬಾಲ್ಕನಿಯಲ್ಲಿ ಕೂತು ಮೆಂತೆಪಲ್ಯ ಸೋಸುತ್ತಿದ್ದಳು. ಎದುರಿಗೆ ಕೂತು ಕೇಳಿದೆ.

“ಅವ್ವಾ, ಅಪ್ಪ ಡೈರಿಯೊಳಗ ನನ್ನ ಹೆಸರ ಯಾಕ ಬರದಿಲ್ಲ?”

“ಹೆಸರ ಎಲ್ಲಿತ್ತ ನಿನಗ? ಐದ ವರ್ಷ ತುಂಬೂತನಕ ನಿನಗ ಹೆಸರಽ ಇಟ್ಟಿರಲಿಲ್ಲ,” ಎಂದಳು ಅವ್ವ, ಇದೇನು ಹೊಸ ವಿಷಯವೇ ಎಂಬಂತೆ. “ನಿನಕಿಂತ ಮೊದಲ ಎರಡು ಹೋಗಿದ್ವಲ್ಲ. ನೀ ಹುಟ್ಟಿದ ಮೂರನೇ ದಿನಕ್ಕ ನಿಮ್ಮ ಆಯಿ ನಿನ್ನ ಮೊರದಾಗ ಹಾಕ್ಕೊಂಡ ಹೋಗಿ ತಿಪ್ಪಿ ಮ್ಯಾಲೆ ಇಟ್ಟ ಬಂದ್ಲು. ಹಿಂದಿನ ಓಣಿ ಈರವ್ವ ಎತ್ತಿಕೊಂಡ ಬಂದು, ತಿಪ್ಪ್ಯಾಗ ಒಂದ ಕೂಸ ಸಿಕ್ಕೈತಿ, ಬೇಕೇನ್ರೀ ಅಂದ್ಲು. ನಾ ಒಂದ ಬೊಗಸಿ ತೌಡ ಕೊಟ್ಟ ನಿನ್ನ ಇಸಗೊಂಡೆ. ಅವತ್ತಿಂದ ನೀ ನಮ್ಮ ಕೂಸಲ್ಲ, ಸಿಕ್ಕ ಕೂಸು. ಮಗಳು ಅನ್ನಂಗಿಲ್ಲ, ಮುದ್ದ ಮಾಡಂಗಿಲ್ಲ, ಹೆಸರ ಹಿಡದ ಕರಿಯಂಗಿಲ್ಲ. ಕರದ್ರ, ಆ ಎರಡನ್ನ ಒಯ್ದಾವಗ ಇದೂ ಕೇಳಸತೈತಿ ಅಂತ.”

ಇಂಥದ್ದನ್ನು ಅಪ್ಪ ನಂಬುವವರಲ್ಲ. ಬೆಕ್ಕು ಅಡ್ಡ ಬಂದರೆ ನಿಲ್ಲುತ್ತಿದ್ದ ತಮ್ಮ ತಾಯಿಯನ್ನು ಗೇಲಿ ಮಾಡುತ್ತಿದ್ದರು. ಅಂಥವರು, ಮನೆಯಲ್ಲಿ ಯಾರಿಗೂ ಓದಲು ಬಾರದ ಭಾಷೆಯಲ್ಲಿ, ಟ್ರಂಕಿನಲ್ಲಿ ಮುಚ್ಚಿಡುವ ಡೈರಿಯಲ್ಲೂ ನನ್ನನ್ನು ‘ಮಗಳು’ ಎಂದು ಬರೆಯುವ ಧೈರ್ಯ ಮಾಡಲಿಲ್ಲ. ಯಮನಿಗೆ ಇಂಗ್ಲಿಷ್ ಬಾರದಿರಬಹುದು ಎಂಬ ಅನುಮಾನದ ಲಾಭವನ್ನೂ ಅವರು ಪಡೆಯಲಿಲ್ಲ. ನನ್ನನ್ನು ಉಳಿಸಿಕೊಳ್ಳಲು ನನ್ನನ್ನು ಬರೆಯದೆ ಬಿಟ್ಟಿದ್ದರು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುವಿ ಚೆನ್ನಾಗಿ ಅತ್ತೆ. ಅರವತ್ತೊಂದು ವರ್ಷದ ಹೆಂಗಸಿಗೆ ಅಪ್ಪ ಸಿಕ್ಕಿದ್ದರು.

ಇಲ್ಲಿಗೇ ಡೈರಿ ಮುಚ್ಚಿಟ್ಟಿದ್ದರೆ ನನಗೂ ಒಳ್ಳೆಯದಿತ್ತು, ನಿಮಗೂ. ಆದರೆ ಉತ್ತರ ಸಿಕ್ಕ ಮೇಲೆ ಅದನ್ನು ಎಲ್ಲ ಸಾಲುಗಳಲ್ಲೂ ಕೂರಿಸಿ ನೋಡದೆ ಬಿಡುವ ಜಾತಿಯವಳಲ್ಲ ನಾನು. ಮರುದಿನ ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕೂತೆ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ನನಗೆ ಐದು ತಿಂಗಳಿದ್ದಾಗಿನ ಪುಟ.

‘ಇಟ್ ತೊಟ್ಟಿಲಲ್ಲಿ ಮಲಗಿತ್ತು. ಇಟ್ ತೊಟ್ಟಿಲು ಹಿಡಿದುಕೊಂಡು ನಿಂತು ನೋಡುತ್ತಿತ್ತು.’

ಅಪ್ಪನ ಕೈತಪ್ಪು ಎಂದುಕೊಂಡೆ. ನಾಲ್ಕು ಸಲ ಓದಿದೆ. ಮಲಗಿದವಳು ನಾನು ಸರಿ, ನಿಂತವರು ಯಾರು? ಮುಂದಿನ ಪುಟಗಳನ್ನು, ಮರುವರ್ಷದ ಡೈರಿಯನ್ನು ಬೇಗ ಬೇಗ ತಿರುವಿದೆ. ‘ಇವಳು, ಇಟ್, ಇಬ್ಬರೂ ಮುಗದಕ್ಕೆ ಹೋದರು. ಮನೆ ಖಾಲಿ.’ ಮುಗದ ಅವ್ವನ ತವರುಮನೆ. ಅದರ ಕೆಳಗೇ, ಅದೇ ದಿನ, ಅದೇ ಮಸಿಯಲ್ಲಿ: ‘ನಾಲ್ಕು ಗಂಟೆಗೆ ಇಟ್ ಹಿತ್ತಲ ಮೆಟ್ಟಿಲ ಮೇಲೆ ನಿಂತಿತ್ತು. ಮಾತಾಡಿಸಲಿಲ್ಲ.’ ಮರುದಿನ: ‘ಮತ್ತೆ ಬಂತು. ಅದೇ ಹಸಿರು ಪರಕಾರ. ಕೂದಲು ಇನ್ನೂ ಒದ್ದೆ.’

ಆಗ ನನಗೆ ಹನ್ನೊಂದು ತಿಂಗಳು. ಪರಕಾರವನ್ನು, ಆ ಉದ್ದ ಲಂಗವನ್ನು, ಉಟ್ಟು ಮೆಟ್ಟಿಲ ಮೇಲೆ ನಿಲ್ಲುವ ವಯಸ್ಸಲ್ಲ. ಅಲ್ಲದೆ ನಾನು ಮುಗದದಲ್ಲಿದ್ದೆ. ಮೂವತ್ತನಾಲ್ಕು ವರ್ಷ ಕಲಿಸಿದ ಉಪಾಯ ಆ ಮೆಟ್ಟಿಲ ಮುಂದೆ ಕೈಚೆಲ್ಲಿತು.

ಆ ಹಿತ್ತಲ ಮೆಟ್ಟಿಲು ನನಗೆ ನೆನಪಿದೆ. ಧಾರವಾಡದ ಬಾಡಿಗೆ ಮನೆಯದು, ಕರಿಕಲ್ಲಿನದು. ನಾನು ಅದರ ಬಲಗಡೆಯ ತುದಿಗೆ ಅಂಟಿಕೊಂಡು ಕೂತು ಶೇಂಗಾ ತಿನ್ನುತ್ತಿದ್ದೆ. “ಅಷ್ಟ ಜಾಗಾ ಐತಿ, ನಡುವ ಕುಂಡ್ರಬಾರದಾ?” ಎಂದು ಅವ್ವ ಬೈಯುತ್ತಿದ್ದಳು. ಯಾಕೆ ಹಾಗೆ ಕೂರುತ್ತಿದ್ದೆನೋ ಗೊತ್ತಿಲ್ಲ. ಎಡಗಡೆಯ ಕಲ್ಲು ಬಿಸಿಲಿನಲ್ಲೂ ತಣ್ಣಗಿರುತ್ತಿತ್ತು, ಅದಷ್ಟು ನೆನಪು. ಮರದ ನೆರಳು ಬೀಳುತ್ತಿರಬೇಕು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆ ಹಿತ್ತಲಿನಲ್ಲಿ ಮರವಿರಲಿಲ್ಲ.

ನನಗೆ ಐದು ತುಂಬಿದ ವರ್ಷದ ಡೈರಿಯಲ್ಲಿ, ನನ್ನನ್ನು ಶಾಲೆಗೆ ಹಾಕುವ ಹಿಂದಿನ ದಿನ, ಕೊನೆಗೂ ನನ್ನ ಹೆಸರು ಸಿಕ್ಕಿತು. ‘ಇಂದು ಹೆಸರಿಟ್ಟರು. ಆ ಹೆಸರು ಬೇಡ ಎಂದೆ. ಅಮ್ಮ ಕೇಳಲಿಲ್ಲ. ಕುಸುಮಾ.’ ಅಷ್ಟೆ. ಮರುದಿನದಿಂದ ನಾನು ‘ಹುಡುಗಿ’ಯಾದೆ. ಹುಡುಗಿ ಶಾಲೆಗೆ ಹೋದಳು, ಹುಡುಗಿಗೆ ದಡಾರ ಎದ್ದಿತು, ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮುಂದೆ ಎಲ್ಲೂ ನಾನು ‘ಇಟ್’ ಅಲ್ಲ. ಆದರೂ ‘ಇಟ್’ ನಿಲ್ಲಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುತ್ತಿತ್ತು. ‘ಹುಡುಗಿ ಓದುತ್ತಿದ್ದಳು. ಇಟ್ ಅವಳ ಹಿಂದೆ ನಿಂತಿತ್ತು. ಎತ್ತರ ಅಷ್ಟೇ ಇದೆ.’ ಇದನ್ನು ಓದುವಾಗ ನನ್ನ ಬೆನ್ನಿಗೆ ಗೋಡೆಯಿತ್ತು. ಆದರೂ ತಿರುಗಿ ನೋಡಿದೆ.

ಈ ಸಲ ಅವ್ವನ ಹತ್ತಿರ ಹೋದಾಗ ನಾನು ಹಸಿರು ಪರಕಾರದ ಮಾತು ಎತ್ತಲಿಲ್ಲ. ಇಷ್ಟೇ ಕೇಳಿದೆ.

“ಅವ್ವಾ, ಕುಸುಮಾ ಅನ್ನೂ ಹೆಸರ ಬ್ಯಾಡ ಅಂತ ಅಪ್ಪ ಯಾಕ ಅಂದ್ರು?”

ಅವ್ವ ಕೈ ಒರೆಸಿಕೊಂಡು ಹೇಳಿದಳು. “ಮೊದಲನೇಕಿ ಹೆಸರ ಅದು. ನಾಕ ವರ್ಷದಾಕಿ. ಜ್ವರಾ ಇಳೀಲಿ ಅಂತ ತಲಿ ಮ್ಯಾಲೆ ನೀರ ಹಾಕಿ ಹಾಕಿ, ಹಸೀ ಕೂದಲದಾಗಽ ಹೋದ್ಲು. ಹಸರ ಪರಕಾರ ಅಂದ್ರ ಭಾಳ ಜೀವ ಆಕೀಗೆ. ಅದನ್ನಽ ಉಡಿಸಿ ಮಣ್ಣ ಮಾಡಿದ್ವಿ. ನೀ ಉಳದ ಮ್ಯಾಲೆ ನಿಮ್ಮ ಆಯಿ, ಅದಽ ಹೊಳ್ಳಿ ಬಂದೈತಿ, ಅದರ ಹೆಸರ ಅದಕ್ಕಽ ಇಡ್ರಿ ಅಂತ ಹಟಾ ಹಿಡದ್ಲು. ನಿಮ್ಮ ಅಪ್ಪ ಬ್ಯಾಡ ಅಂದ್ರು. ಹೊಳ್ಳಿ ಬಂದಿಲ್ಲವ್ವ, ಆಕಿ ಬ್ಯಾರೇನಽ ಅದಾಳ, ನಾ ನೋಡೇನಿ ಅಂದ್ರು.”

“ನೀನೂ ನೋಡೀಯೇನು?” ಎಂದೆ.

“ಇಲ್ಲ,” ಎಂದಳು ಅವ್ವ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ದುಃಖವಿತ್ತು. “ಹಡದಾಕಿ ನಾನು. ನನಗ ಒಂದ ದಿನಾನೂ ಕಾಣಲಿಲ್ಲ. ಮೆಟ್ಟಲ ಮ್ಯಾಲೆ ಎಷ್ಟ ದಿನ ಹಾಲಿಟ್ಟ ಕುಂತೇನಿ, ನನ್ನ ಕಡೆ ಬರಲೇ ಇಲ್ಲ.” ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು. “ನಿನ್ನ ಹೆಸರ ಹಿಡದ ಕರೀರಿ, ಹುಡುಗಿ ಮನಸಿಗೆ ಹಚಗೊಂಡಾಳ ಅಂತ ನಾ ಎಷ್ಟೋ ಸಲ ಹೇಳೇನಿ. ಕರದ್ರ ಯಾರ ಬರತಾರೋ, ಅಂತಿದ್ರು.”

ಅಕ್ಕಿಯ ಡಬ್ಬಿಯ ಹಿಂದೆ ಅಡಗಿ ಕೂತಿದ್ದ ಆ ಮಧ್ಯಾಹ್ನ ಅಪ್ಪ ಎಂಥ ಸಂಕಟದಲ್ಲಿದ್ದಿರಬೇಕು! ಮಗಳು ಕಾಣುತ್ತಿಲ್ಲ, ಕೂಗಿ ಕರೆಯುವ ಹಾಗಿಲ್ಲ. ಕರೆದರೆ, ಬೇಕಾದವಳ ಬದಲು ಇನ್ನೊಬ್ಬಳು ಬಾಗಿಲಲ್ಲಿ ಬಂದು ನಿಂತರೆ? ಅವಳೂ ಮಗಳೇ. ಅವಳಿಗೆ ‘ನಿನ್ನನ್ನಲ್ಲ’ ಎಂದು ಯಾವ ಬಾಯಿಂದ ಹೇಳುವುದು?

ಅವ್ವ ಎದ್ದು ಒಳಗೆ ಹೋದಳು. ತನ್ನ ಸೀರೆಗಳ ಕೆಳಗಿನಿಂದ ಒಂದು ಡೈರಿ ತಂದು ನನ್ನ ತೊಡೆಯ ಮೇಲಿಟ್ಟಳು. ಅದು ಟ್ರಂಕಿನಲ್ಲಿ ಇರಲಿಲ್ಲ. ಅಪ್ಪ ತೀರಿಕೊಂಡ ವರ್ಷದ್ದು.

“ಇದು ಅವರ ಹಾಸಿಗ್ಯಾಗ ಇತ್ತು. ಪೆನ್ನ ಸೈತ ಒಳಗಽ ಇತ್ತು. ಓದಸಬೇಕ ಅಂತ ಆರ ವರ್ಷದಿಂದ ಇಟಗೊಂಡೇನಿ, ಧೈರ್ಯ ಆಗಲಿಲ್ಲ,” ಎಂದಳು. “ನನ್ನ ಕರದಿದ್ರು, ನನಗ ಕೇಳಸಲಿಲ್ಲ ಅಂತ ಬರದಿದ್ರ?”

ಅಪ್ಪ ನಿವೃತ್ತಿಯಾದ ಮೇಲೆ ಮಧ್ಯಾಹ್ನ ಊಟ ಮುಗಿಸಿ ಡೈರಿ ಬರೆಯುತ್ತಿದ್ದರು. ಆ ದಿನದ ಪುಟ ತೆಗೆದೆ. ಅಕ್ಷರ ಓರೆಯಾಗಿ ಕೆಳಕ್ಕೆ ಜಾರಿತ್ತು. ಗುಮಾಸ್ತನ ದುಂಡು ಅಕ್ಷರ ಅದಲ್ಲ. ಆದರೆ ಓದಲು ತೊಂದರೆ ಇರಲಿಲ್ಲ.

‘ಎದೆ ಭಾರ. ಕುಸುಮಾ ಎಂದು ಕರೆದೆ. ಇಟ್ ಬಂತು. ಕೈ ಹಿಡಿದುಕೊಂಡಿದೆ.’

ಜೀವಮಾನವೆಲ್ಲ ಯಾವ ಕರೆಗೆ ಕಾದಿದ್ದೆನೋ ಆ ಕರೆ ಬಂದಿತ್ತು. ಆ ಹೊತ್ತಿಗೆ ನಾನು ಧಾರವಾಡದಲ್ಲಿ, ಯಾರದೋ ಮಕ್ಕಳ ಉತ್ತರಪತ್ರಿಕೆಯ ಮೇಲೆ ಕೆಂಪು ಮಸಿಯಲ್ಲಿ ಗೀಟು ಹಾಕುತ್ತ ಕೂತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನಾಲ್ಕು ವರ್ಷದ ಆ ಹುಡುಗಿಯ ಮೇಲೆ, ಅಪ್ಪ ಕರೆದ ಕೂಡಲೇ ಬಂದವಳ ಮೇಲೆ. ಕರೆದದ್ದು ನನ್ನನ್ನು ಎಂದು ಒಂದು ಕ್ಷಣ ಜಗಳ ಕಾಯಬೇಕೆನಿಸಿತು. ಆಮೇಲೆ, ಅವರು ಯಾರನ್ನು ಕರೆದರೋ ನನಗೇನು ಗೊತ್ತು ಎನಿಸಿತು.

“ಏನ ಬರದಾರ?” ಅವ್ವ ನನ್ನ ಮೊಣಕೈ ಹಿಡಿದಿದ್ದಳು.

“ನಿನ್ನ ಬೈದಿಲ್ಲವ್ವ. ಕುಸುಮಾ ಅಂತ ಹೆಸರ ಹಿಡದ ಕರದಾರ.”

ಅವ್ವ ನನ್ನ ಮುಖವನ್ನೇ ನೋಡಿದಳು. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಎಂಬುದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಎಲ್ಲರ ಕಡೆಯಿಂದ ಫೋನಿನ ಮೇಲೆ ಫೋನು ಮಾಡಿಸಿ ಸೋತವಳು ಅವಳೇ.

“ಬಂದ್ಲೇನು?” ಎಂದು ಮೆಲ್ಲಗೆ ಕೇಳಿದಳು.

“ಬಂದ್ಲವ್ವ. ಕೈ ಹಿಡಕೊಂಡ್ಲಂತ.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆರು ವರ್ಷದಲ್ಲಿ ನಾನು ಕಾಣದಿದ್ದ ಒಂದು ಸಮಾಧಾನ ಆ ಮುಖದ ಮೇಲೆ ನಿಧಾನವಾಗಿ ಬಂತು.

“ಹಂಗಾರ ಅವರು ಒಬ್ಬರಽ ಹೋಗಲಿಲ್ಲ,” ಎಂದಳು.